ಕಡಲ ಬಿಸಿಲಿನಲ್ಲಿ ಪರದೆ ಓದುವುದು

ಮಲ್ಪೆಯ ದಕ್ಕೆ ಬಿಟ್ಟ ಬೋಟು ಬೆಳಗ್ಗೆ ಪಡುವಣಕ್ಕೆ ಮುಖ ಮಾಡಿದರೆ ಸೂರ್ಯ ಬೆನ್ನಿಗಿರುತ್ತಾನೆ. ಕ್ಯಾಬಿನ್ನಿನ ಹಿಂಬಾಗಿಲಿನಿಂದ ನುಗ್ಗುವ ಬಿಸಿಲು ಬೋಟು ನಡೆಸುವ ತಾಂಡೇಲನ ಭುಜ ದಾಟಿ ನೇರವಾಗಿ ಅವನೆದುರಿನ ಪರದೆಗೆ ಬಡಿಯುತ್ತದೆ. ನನ್ನ ಭಾವನ ಬೋಟಿನಲ್ಲಿ ಆದದ್ದೂ ಇದೇ. ಜಿಪಿಎಸ್ಸಿನ ಪುಟ್ಟ ಅಕ್ಷರ ಕಣ್ಣಿಗೆ ನಿಲುಕುವುದಿಲ್ಲವೆಂದು ಅವರು ಕಂಪ್ಯೂಟರ್ ಅಂಗಡಿಯಿಂದ 24 ಇಂಚಿನ ಮಾನಿಟರ್ ತಂದು, ನಕ್ಷೆ ಕಾಣುವಂತೆ ಕೂರಿಸಿದ್ದರು. ಒಂದೇ ಯಾತ್ರೆ ಮುಗಿಸಿ ಬಂದವರು ಹೇಳಿದ್ದು: "ಎಂತ ಮಾರಾಯ, ರಾತ್ರಿ ಕಣ್ಣು ಕುಕ್ಕುತ್ತದೆ, ಹಗಲು ಎಂತದೂ ಕಾಣುವುದಿಲ್ಲ."

ಮಾನಿಟರ್ ಕೆಟ್ಟಿರಲಿಲ್ಲ. ಅದು ಕೋಣೆಯೊಳಗಿನ ಬೆಳಕಿಗೆಂದು ಮಾಡಿದ್ದು, ಅಷ್ಟೆ.

ಪರದೆಯ ಹೊಳಪನ್ನು ಅಳೆಯುವ ಮಾನ ನಿಟ್. ಮನೆಯ ಮಾನಿಟರ್ ಬಿಳಿ ಬಣ್ಣವನ್ನು ಸುಮಾರು 250 ನಿಟ್ ಹೊಳಪಿನಲ್ಲಿ ತೋರಿಸುತ್ತದೆ. ಇನ್ನು ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್; ನಮ್ಮ ಕಡೆಯ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಪರದೆಯ ಮೈ ಆ ಬೆಳಕಿನ ನೂರರಲ್ಲಿ ಒಂದೇ ಪಾಲನ್ನು ಸುತ್ತ ಚೆದುರಿಸಿದರೂ ಅದು ಸುಮಾರು 320 ನಿಟ್ ಆಗುತ್ತದೆ. ಅಂದರೆ ನಕ್ಷೆಯಲ್ಲಿ ಕಪ್ಪಾಗಿರಬೇಕಾದ ಜಾಗವೇ 320 ನಿಟ್ ಹೊಳೆಯುತ್ತದೆ. ಬಿಳಿಯ ಜಾಗ ತನ್ನದನ್ನೂ ಸೇರಿಸಿ 570. ಎರಡಕ್ಕೂ ಎರಡು ಪಟ್ಟಿನ ವ್ಯತ್ಯಾಸವೂ ಉಳಿಯಲಿಲ್ಲ. ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್‌ನಲ್ಲಿ ಬಂಗುಡೆಯ ಹಿಂಡು ಕೆಂಪು ಮೋಡದ ಹಾಗೆ ಮೂಡಬೇಕಾದಲ್ಲಿ ಬರೀ ಬೂದಿಬಣ್ಣ. ಅದೇ 1000 ನಿಟ್ಟಿನ ಪರದೆಯಾದರೆ ಬಿಳಿ 1320, ಕಪ್ಪು 320. ನಾಲ್ಕು ಪಟ್ಟು. ಓದಲು ಸಾಕು. ಸಮುದ್ರಕ್ಕೆಂದೇ ಮಾಡಿದ ಪರದೆಗಳಲ್ಲಿ 1000 ನಿಟ್ ಇರುವುದು ಈ ಕಾರಣಕ್ಕೆ. ಅಂಗಡಿಯಲ್ಲಿ ರೆಸಲ್ಯೂಷನ್ ಕೇಳುವ ಮೊದಲು ಈ ಸಂಖ್ಯೆ ಕೇಳಬೇಕು.

ಗಾಜಿನ ಪಾತ್ರವೂ ಸಣ್ಣದಲ್ಲ. ಗಾಜು ಮತ್ತು ಗಾಳಿ ಸೇರುವ ಪ್ರತಿ ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಪರದೆಯ ಮುಂದೆ ಬೇರೆ ಗಾಜು ಹಾಕಿ ನಡುವೆ ಗಾಳಿ ಬಿಟ್ಟರೆ ಅಂಥ ಮೈಗಳು ಮೂರಾಗುತ್ತವೆ. ನಡುವಿನ ಸಂದಿಗೆ ಪಾರದರ್ಶಕ ಅಂಟು ತುಂಬಿದರೆ ಒಂದೇ ಉಳಿಯುತ್ತದೆ, ಒಳಗೆ ಮಂಜು ಕಟ್ಟುವ ತಾಪತ್ರಯವೂ ತಪ್ಪುತ್ತದೆ. ಇನ್ನೊಂದು ಪರೀಕ್ಷೆಗೆ ಕಾಸು ಬೇಡ: ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಪರದೆ ನೋಡುತ್ತಾ ತಲೆ ವಾಲಿಸಿ. ಎಲ್‌ಸಿಡಿಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಕನ್ನಡಕ ಅದಕ್ಕೆ ಅಡ್ಡವಾದಾಗ ಪರದೆ ಪೂರ್ತಿ ಕಪ್ಪು. ತಲೆ ನೆಟ್ಟಗಿರುವಾಗಲೇ ಕಪ್ಪಾಗುವ ಪರದೆಯನ್ನು ಅಲ್ಲೇ ಬಿಟ್ಟು ಬನ್ನಿ.

ಹೊಳಪು ಹೆಚ್ಚಿದಷ್ಟೂ ಹೊಟ್ಟೆಯೂ ದೊಡ್ಡದು. ಭಾವನ ಹೊಸ ಪರದೆಗೆ ಸುಮಾರು 40 ವ್ಯಾಟ್ ಬೇಕು. ಹಳೆಯದಕ್ಕೆ ಅವರು ಇನ್ವರ್ಟರ್ ಇಟ್ಟಿದ್ದರು: ಬ್ಯಾಟರಿಯ ಡಿಸಿಯನ್ನು 230 ವೋಲ್ಟಿನ ಎಸಿ ಮಾಡುವುದು, ಮಾನಿಟರಿನ ಅಡಾಪ್ಟರು ಅದನ್ನು ಮತ್ತೆ ಡಿಸಿ ಮಾಡುವುದು. ಪ್ರತಿ ಹಂತದಲ್ಲೂ ಶೇ. 10-15ರಷ್ಟು ಬಿಸಿಯಾಗಿ ಹೋದರೆ ಕೊನೆಗೆ ಮುಕ್ಕಾಲು ಪಾಲು ಮಾತ್ರ ಪರದೆಗೆ ಸಿಗುತ್ತದೆ. ಒದ್ದೆ ಕ್ಯಾಬಿನ್ನಿನಲ್ಲಿ 230 ವೋಲ್ಟ್ ಇರುವುದೇ ನನಗೆ ಭಯ. ಪರದೆಗೆ ಬೇಕಾದ್ದು ಡಿಸಿಯೇ ಆಗಿರುವಾಗ ಈ ಸುತ್ತುಬಳಸು ಯಾಕೆ?

ಹಾಗೆಂದು ಬ್ಯಾಟರಿಯಿಂದ ತಂತಿ ಎಳೆದು ನೇರ ಕೊಡುವಂತೆಯೂ ಇಲ್ಲ. 12 ವೋಲ್ಟಿನ ಬ್ಯಾಟರಿ ಎನ್ನುವುದು ಹೆಸರಿಗೆ. ಡೈನಮೋ ಚಾರ್ಜ್ ಮಾಡುವಾಗ ಅದು 14.4ಕ್ಕೆ ಏರುತ್ತದೆ, ಎಂಜಿನ್ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ 10ರ ಕೆಳಗೂ ಇಳಿಯಬಹುದು. ಈ ಏರಿಳಿತ ನುಂಗಿ ಸ್ಥಿರ ವೋಲ್ಟೇಜ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ನಡುವೆ ಬೇಕೇ ಬೇಕು. ಭಾವನ ಬೋಟಿನಲ್ಲಿ ಎರಡು ಬ್ಯಾಟರಿ ಸಾಲಾಗಿ ಸೇರಿ 24 ವೋಲ್ಟ್. ಯಾರೋ ನಡುವಿನ ಕೊಂಡಿಯಿಂದ 12 ವೋಲ್ಟ್ ಕದ್ದು ವೈರ್‌ಲೆಸ್‌ಗೆ ಕೊಟ್ಟಿದ್ದರು. ಅದರಿಂದ ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಮಿತಿಮೀರಿದ ಚಾರ್ಜ್. ಎರಡೂ ಬೇಗ ಸಾಯುತ್ತವೆ. ಅದನ್ನು ಬಿಚ್ಚಿಸಿ, ಪೂರ್ತಿ 24 ವೋಲ್ಟನ್ನೇ ಕ್ಯಾಬಿನ್ನಿನವರೆಗೆ ತಂದು ಪರದೆಯ ಪಕ್ಕದಲ್ಲೇ 12ಕ್ಕೆ ಇಳಿಸಿದೆವು. 40 ವ್ಯಾಟಿಗೆ 12 ವೋಲ್ಟಾದರೆ 3.3 ಆಂಪಿಯರ್ ಹರಿಯಬೇಕು, 24ಕ್ಕೆ ಅದರ ಅರ್ಧ ಸಾಕು. 1.5 ಚದರ ಮಿ.ಮೀ. ತಂತಿ 10 ಮೀಟರ್ ಹೋಗಿ 10 ಮೀಟರ್ ಮರಳಿದರೆ 3.3 ಆಂಪಿಯರಿಗೆ ಹತ್ತಿರ ಹತ್ತಿರ 0.8 ವೋಲ್ಟ್ ದಾರಿಯಲ್ಲೇ ಸೋರುತ್ತದೆ. ಅರ್ಧ ಕರೆಂಟಿಗೆ 0.4. ಸೋರಿದ ವಿದ್ಯುತ್ತಿನ ಲೆಕ್ಕ ಹಾಕಿದರೆ ನಷ್ಟ ಕಾಲುಭಾಗಕ್ಕಿಳಿಯುತ್ತದೆ. ಫ್ಯೂಸು ಬ್ಯಾಟರಿಯ ಬುಡದಲ್ಲೇ ಇರಲಿ, ಪರದೆಯ ಹತ್ತಿರವಲ್ಲ. ತಂತಿ ಉಜ್ಜಿ ಶಾರ್ಟ್ ಆಗುವುದು ದಾರಿಯಲ್ಲಿ.

ತಪ್ಪು ನನ್ನಿಂದಲೂ ಆಯಿತು. ಜಾಗ ಸಿಕ್ಕಿತೆಂದು ಪ್ಲಸ್ ತಂತಿಯನ್ನು ಕ್ಯಾಬಿನ್ನಿನ ಒಂದು ಬದಿಯಿಂದ, ಮೈನಸ್ಸನ್ನು ಇನ್ನೊಂದು ಬದಿಯಿಂದ ತಂದಿದ್ದೆ. ಸ್ವಿಚ್ ಹಾಕಿದ ಕೂಡಲೇ ಭಾವ, "ಹೇ, ದಿಕ್ಸೂಚಿ ನೋಡು!" ಎಂದರು. ಮುಳ್ಳು ಮೆಲ್ಲಗೆ ಒಂದೆರಡು ಡಿಗ್ರಿ ಸರಿದು ನಿಂತಿತ್ತು. ಸ್ವಿಚ್ ತೆಗೆದರೆ ಮರಳಿ ಸ್ವಸ್ಥಾನಕ್ಕೆ. 1820ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಕಂಡದ್ದು ಇದನ್ನೇ: ವಿದ್ಯುತ್ ಹರಿವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. 1.7 ಆಂಪಿಯರಿನ ಒಂಟಿ ತಂತಿ 20 ಸೆಂ.ಮೀ. ದೂರದಲ್ಲಿ 1.7 ಮೈಕ್ರೊಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ) ಕೊಡುತ್ತದೆ. ಮುಳ್ಳನ್ನು ಉತ್ತರಕ್ಕೆ ಹಿಡಿಯುವ ಭೂಮಿಯ ಬಲ ನಮ್ಮಲ್ಲಿ ಸುಮಾರು 40. ಈ ಲೆಕ್ಕದಲ್ಲಿ ಎರಡು ಡಿಗ್ರಿಗಿಂತ ತುಸು ಹೆಚ್ಚೇ ಓರೆಯಾಗಬಹುದು. ಎರಡೇ ಡಿಗ್ರಿ ಎಂದರೂ 100 ಕಿ.ಮೀ. ಹೋಗುವಷ್ಟರಲ್ಲಿ ದಾರಿ 3.5 ಕಿ.ಮೀ. ಪಕ್ಕಕ್ಕೆ ಜಾರಿರುತ್ತದೆ. ಜಿಪಿಎಸ್ ಕೈಕೊಟ್ಟ ರಾತ್ರಿ ನೆಚ್ಚಬೇಕಾದದ್ದು ಇದೇ ಮುಳ್ಳನ್ನು. ಎರಡೂ ತಂತಿಗಳನ್ನು ಜಡೆ ಹೆಣೆದ ಹಾಗೆ ಒಂದಕ್ಕೊಂದು ಸುತ್ತಿ ತಂದೆ. ಹೋಗುವ, ಮರಳುವ ಕರೆಂಟುಗಳ ಕ್ಷೇತ್ರ ಪರಸ್ಪರ ಅಳಿದವು, ಮುಳ್ಳು ಅಲುಗಲಿಲ್ಲ. ಸ್ಪೀಕರಿನಲ್ಲಿ ಅಯಸ್ಕಾಂತ ಇರುವುದರಿಂದ ಸ್ಪೀಕರಿಲ್ಲದ ಪರದೆಯೇ ಮೇಲು. ಕನ್ವರ್ಟರ್ ಹಾಕಿದಾಗ ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಗರಗರ ಕೇಳಿದರೆ ಅದನ್ನೂ ಬದಲಿಸಬೇಕು. ಕಷ್ಟಕಾಲದ ಕೂಗು ಬರುವ ಚಾನೆಲ್ ಅದು.

ಇನ್ನು ರಾತ್ರಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಲು 20ರಿಂದ 30 ನಿಮಿಷ ಬೇಕು; ಬೆಳ್ಳನೆಯ ಪರದೆಯನ್ನು ಕೆಲವೇ ಗಳಿಗೆ ದಿಟ್ಟಿಸಿದರೂ ಆ ಹೊಂದಿಕೆ ಕರಗುತ್ತದೆ. ಆಮೇಲೆ ಎದುರಿನ ನಾಡದೋಣಿಯ ಮಿಣುಕು ದೀಪ ಕಾಣುವುದು ಹೇಗೆ? ಮನೆಯ ಮಾನಿಟರನ್ನು ಎಷ್ಟು ತಗ್ಗಿಸಿದರೂ ಹತ್ತಾರು ನಿಟ್ ಉಳಿದೇ ಉಳಿಯುತ್ತದೆ. ಸಮುದ್ರದ ಪರದೆ 1 ನಿಟ್‌ಗಿಂತಲೂ ಕೆಳಗೆ ಇಳಿಯುತ್ತದೆ. ಭಾವ ಈಗ ಇರುಳಿನಲ್ಲಿ ಕಪ್ಪು ಹಿನ್ನೆಲೆ, ಕೆಂಪು ಗೆರೆಯ ನಕ್ಷೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಜೀವಕೋಶಗಳಿಗೆ ಕಡುಗೆಂಪು ಹೆಚ್ಚು ತಾಗುವುದಿಲ್ಲ.

ಹಳೆಯ ಮಾನಿಟರನ್ನು ಬಿಚ್ಚಿ ನೋಡಿದೆವು. ಗಾಳಿಕಿಂಡಿಯ ಬಳಿಯ ಸ್ಕ್ರೂಗಳು ತುಕ್ಕಿಗೆ ಉಬ್ಬಿದ್ದವು, ಸರ್ಕ್ಯೂಟಿನ ತಾಮ್ರದ ಗೆರೆಗಳ ಮೇಲೆ ಪಾಚಿಯಂಥ ಹಸಿರು ಹುಡಿ. ಉಪ್ಪಿನ ಗುಣವೇ ಹಾಗೆ: ಗಾಳಿಯ ತೇವಾಂಶ ಶೇ. 75 ದಾಟಿದರೆ ಅದು ತಾನೇ ನೀರು ಹೀರಿ ಕರಗುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಗಾಳಿ ಆ ಗೆರೆಯ ಮೇಲೆಯೇ ಇರುತ್ತದೆ, ಹಾಗಾಗಿ ಅಲೆಯ ಹನಿ ಒಂದೂ ತಾಗದಿದ್ದರೂ ಸರ್ಕ್ಯೂಟು ಒದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿರುವ ಆ 61 ದಿನ ಪರದೆಯನ್ನು ಕ್ಯಾಬಿನ್ನಿನಲ್ಲೇ ಬಿಡಬಾರದು. ಭಾವ ಅದನ್ನು ಕಳಚಿ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಅಟ್ಟದ ಮೇಲೆ ಬಲೆ ಹೆಣೆಯುವ ನೂಲಿನ ಪಕ್ಕ ಇಟ್ಟಿದ್ದಾರೆ.