ಗ್ಯಾಸ್ ಬಿಟ್ಟ ಮೇಲೆ ನೀರು ಯಾಕೆ?

ಹಳೆಯ ತೈಲಕ್ಷೇತ್ರಗಳಲ್ಲಿ ನೆಲದೊಳಗೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ ಅಂದರೆ, ಗ್ಯಾಸ್ ಹಿಂದಿನಿಂದ ತಳ್ಳುತ್ತದೆ, ಎಣ್ಣೆ ಮುಂದಿನಿಂದ ಬರುತ್ತದೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಬರೀ ತಳ್ಳುವ ಕೆಲಸಕ್ಕಾದರೆ ನೀರೇ ಸಾಕು, ಅದು ಅಗ್ಗ ಕೂಡ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್‌ನಲ್ಲಿ ಅದನ್ನೇ ಮಾಡಿದ್ದರು. 1954ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. 1964ರಿಂದ ನೀರು ಬಿಡಲು ಶುರುಮಾಡಿದರು. ಉತ್ಪಾದನೆ ಏರಿತು, ಆಮೇಲೆ ಮತ್ತೆ ಇಳಿಯಿತು. ಸುಮಾರು 1,450 ಮೀಟರ್ ಆಳದಲ್ಲಿರುವ ಆ ಬಂಡೆಯಲ್ಲಿ ಎರಡು ಪದರಗಳಿವೆ. ಕೆಳಗಿನದಕ್ಕೆ 'ವಗ್ಗಿ' ಅನ್ನುತ್ತಾರೆ, ಮೈತುಂಬ ಬಿರುಕು, ಸಣ್ಣ ಸಣ್ಣ ಪೊಟರೆ. ಮೇಲಿನದು 'ಮಾರ್ಲಿ', ಬಿಗಿಯಾದದ್ದು. ಸಲೀಸಾದ ದಾರಿ ಇರುವಾಗ ನೀರು ಬಿಗಿಯಾದ ಪದರಕ್ಕೆ ಯಾಕೆ ಹೋದೀತು? ಅದು ವಗ್ಗಿಯಲ್ಲೇ ಹರಿದುಹೋಯಿತು. ಮಾರ್ಲಿಯ ಎಣ್ಣೆ ಬಹುಪಾಲು ಇದ್ದಲ್ಲೇ ಉಳಿಯಿತು.

2000ದಲ್ಲಿ ಅಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಬಂತು. ಗಡಿಯಾಚೆ ಅಮೆರಿಕದ ನಾರ್ತ್ ಡಕೋಟಾದಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಕಾರ್ಖಾನೆಯೊಂದಿದೆ. ಅಲ್ಲಿಂದ 300 ಕಿ.ಮೀ.ಗೂ ಉದ್ದದ ಪೈಪ್‌ಲೈನ್. ಈ ಗ್ಯಾಸು ನೀರಿಗಿಂತ ಹಗುರ, ಹಾಗಾಗಿ ಬಂಡೆಯೊಳಗೆ ಮೇಲಕ್ಕೆ ಏರುತ್ತದೆ. ನೀರು ಮುಟ್ಟದ ಮಾರ್ಲಿ ಇದ್ದದ್ದೂ ಮೇಲೇ ಅಲ್ವಾ?

ಮುಟ್ಟಿದರೆ ಸಾಲದು, ಬೆರೆಯಬೇಕು. ಆಯಿಲ್ ಪೇಂಟ್ ಮೆತ್ತಿದ ಬ್ರಷ್ಷನ್ನು ನೀರಲ್ಲಿ ಎಷ್ಟು ಅದ್ದಿದರೂ ಬಣ್ಣ ಬಿಡುವುದಿಲ್ಲ, ಥಿನ್ನರ್ ಬೇಕು. ಬಂಡೆಯ ರಂಧ್ರಕ್ಕೆ ಅಂಟಿದ ಎಣ್ಣೆಗೆ ಈ ಗ್ಯಾಸೇ ಥಿನ್ನರ್. 31 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 74 ಬಾರ್ ಒತ್ತಡ ದಾಟಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಪೂರ್ತಿ ಗ್ಯಾಸೂ ಅಲ್ಲ, ದ್ರವವೂ ಅಲ್ಲ. ಅದು ಎಣ್ಣೆಯೊಳಗೆ ಇಳಿಯುತ್ತದೆ. ಎಣ್ಣೆ ಉಬ್ಬುತ್ತದೆ, ತೆಳುವಾಗುತ್ತದೆ, ಹರಿಯುತ್ತದೆ.

ಹೀಗೆ ಬೆರೆಯಲು ಎಷ್ಟು ಒತ್ತಡ ಬೇಕು ಅನ್ನುವುದು ಆಯಾ ಎಣ್ಣೆಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ತಿಳಿಯಲು ನಾವು ಲ್ಯಾಬಿನಲ್ಲಿ ಸ್ಲಿಮ್ ಟ್ಯೂಬ್ ಪರೀಕ್ಷೆ ಮಾಡುತ್ತೇವೆ. ಬೆರಳಿಗಿಂತ ಸಪೂರದ ಉದ್ದನೆ ಸ್ಟೀಲ್ ಕೊಳವೆಯನ್ನು ಸುರುಳಿ ಸುತ್ತಿ, ಮರಳು ತುಂಬಿ, ಆ ಕ್ಷೇತ್ರದ ಎಣ್ಣೆಯನ್ನೇ ಹಾಕಿ ಓವನ್ನಿನಲ್ಲಿ ಇಡುವುದು. ಒಂದೊಂದು ಒತ್ತಡದಲ್ಲೂ ಗ್ಯಾಸ್ ಬಿಟ್ಟು, ಎಷ್ಟು ಎಣ್ಣೆ ಹೊರಬಂತು ಅಂತ ಅಳೆಯುವುದು. ಒತ್ತಡ ಏರಿಸಿದಂತೆ ಎಣ್ಣೆ ಜಾಸ್ತಿಯಾಗುತ್ತಾ ಹೋಗಿ, ಹಾಕಿದ ಎಣ್ಣೆಯ ಶೇ. 90ರ ಆಸುಪಾಸಿನಲ್ಲಿ ಗ್ರಾಫಿನ ಗೆರೆ ಬಾಗುತ್ತದೆ. ಅದರಾಚೆ ಏರಿಸಿ ಹೆಚ್ಚು ಲಾಭವಿಲ್ಲ. ಆ ತಿರುವೇ ನಮಗೆ ಬೇಕಾದ ಒತ್ತಡ. ನೆಲದೊಳಗೆ ಅಷ್ಟು ಒತ್ತಡ ಉಳಿಸಿಕೊಳ್ಳಲು ಆಗದಿದ್ದರೆ ಯೋಜನೆಯ ಅರ್ಧ ಬಲ ಅಲ್ಲೇ ಹೋಯಿತು.

ಕೊಳವೆಯಲ್ಲಿ 90 ಬರುತ್ತದೆ, ನಿಜವಾದ ಕ್ಷೇತ್ರದಲ್ಲಿ ಬರುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಹೆಚ್ಚುವರಿಯಾಗಿ ಸಿಗುವುದು, ನೆಲದಲ್ಲಿ ಮೊದಲಿದ್ದ ಎಣ್ಣೆಯ ಶೇ. 5ರಿಂದ 15. ಗ್ಯಾಸ್ ತೀರಾ ತೆಳು ಅನ್ನುವುದು ಇದಕ್ಕೆ ದೊಡ್ಡ ಕಾರಣ. ಆ ಆಳದಲ್ಲಿ ಅದರ ಸ್ನಿಗ್ಧತೆ ನೀರಿನ ಸುಮಾರು ಹತ್ತನೇ ಒಂದು ಪಾಲು. ಎಣ್ಣೆಯನ್ನು ಒಟ್ಟಾಗಿ ಮುಂದೊತ್ತುವ ಬದಲು, ಸಂದು ಸಿಕ್ಕಲ್ಲಿ ನುಗ್ಗಿ ನೇರ ಉತ್ಪಾದನಾ ಬಾವಿ ಸೇರುತ್ತದೆ. ನೀರು ಬೇಕಾಗುವುದು ಇಲ್ಲಿ. ಕೆಲವು ತಿಂಗಳು ಗ್ಯಾಸ್, ಕೆಲವು ತಿಂಗಳು ನೀರು ಅಂತ ಒಂದೇ ಬಾವಿಗೆ ಸರದಿಯಲ್ಲಿ ಬಿಡುತ್ತೇವೆ. ಇದಕ್ಕೆ ವ್ಯಾಗ್ (ವಾಟರ್ ಆಲ್ಟರ್ನೇಟಿಂಗ್ ಗ್ಯಾಸ್) ಅನ್ನುತ್ತಾರೆ. ಗ್ಯಾಸ್ ನುಗ್ಗಿದ ದಾರಿಗಳನ್ನು ನೀರು ತುಂಬಿಕೊಂಡರೆ, ಮುಂದಿನ ಸರದಿಯ ಗ್ಯಾಸು ಎಣ್ಣೆ ಇರುವ ಬೇರೆ ಕಡೆ ಹೊರಳುತ್ತದೆ. ದುಬಾರಿ ಗ್ಯಾಸೂ ಉಳಿಯುತ್ತದೆ.

ನೀರು ಜಾಸ್ತಿಯಾದರೆ ಅದೂ ಕಷ್ಟ. ಎಣ್ಣೆಯ ಹನಿಯ ಸುತ್ತ ನೀರು ಕಟ್ಟಿಕೊಂಡು ಗ್ಯಾಸನ್ನು ಮುಟ್ಟಗೊಡುವುದಿಲ್ಲ. ಹಾಗಾಗಿ ಮೊದಲು ಧಾರಾಳವಾಗಿ ಗ್ಯಾಸ್ ಬಿಟ್ಟು, ನೀರಿನ ಪಾಲನ್ನು ನಿಧಾನಕ್ಕೆ ಏರಿಸುವುದೇ ನನಗೆ ಸರಿ ಅನ್ನಿಸುತ್ತದೆ. ಮೊದಲ ದಿನ ಗೀಚಿದ ಅನುಪಾತಕ್ಕೆ ಕೊನೆಯವರೆಗೂ ಅಂಟಿಕೊಳ್ಳುವುದು ಸುಮ್ನೆ ಹಠ.

ಇನ್ನು ಪೈಪಿನ ಪಾಡು. ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿದರೆ ಕಾರ್ಬಾನಿಕ್ ಆಮ್ಲ. ಸಾದಾ ಉಕ್ಕನ್ನು ಅದು ತಿನ್ನುತ್ತದೆ. ಹಾಗಾಗಿ ಒಳಲೇಪ ಹಾಕಿದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪೈಪೇ ಬೇಕು. ರಬ್ಬರ್ ಸೀಲುಗಳ ಕಥೆ ಇನ್ನೂ ವಿಚಿತ್ರ. ಒತ್ತಡದಲ್ಲಿ ಗ್ಯಾಸ್ ರಬ್ಬರಿನೊಳಗೇ ಹೊಕ್ಕಿರುತ್ತದೆ. ಒತ್ತಡ ಥಟ್ಟನೆ ಇಳಿಸಿದರೆ ಸೀಲ್ ಒಳಗಿಂದಲೇ ಗುಳ್ಳೆ ಎದ್ದು ಸೀಳುತ್ತದೆ.

ಇದು ಹವಾಮಾನಕ್ಕೂ ಒಳ್ಳೆಯದಂತೆ, ಹೌದಾ ಅಂತ ಕೇಳುತ್ತಾರೆ. ಗ್ಯಾಸ್ ಎಲ್ಲಿಂದ ಬಂತು ಅಂತ ನಾನು ತಿರುಗಿ ಕೇಳುತ್ತೇನೆ. ಪಶ್ಚಿಮ ಟೆಕ್ಸಾಸ್‌ನಲ್ಲಿ 1972ರಿಂದಲೇ ಈ ಕೆಲಸ ನಡೆದಿದೆ. ಆದರೆ ಅಲ್ಲಿಗೆ ಬರುವ ಗ್ಯಾಸಿನಲ್ಲಿ ಬಹಳಷ್ಟು ಕೊಲರಾಡೋದಂಥ ಕಡೆ ನೆಲದಲ್ಲೇ ಇದ್ದದ್ದನ್ನು ಅಗೆದು ತೆಗೆದದ್ದು. ಗುಜರಾತಿನ ಕೊಯಲಿ ರಿಫೈನರಿಯ ಗ್ಯಾಸನ್ನು ಗಂಧಾರ್ ಕ್ಷೇತ್ರಕ್ಕೆ ಒಯ್ಯಲು ಒಎನ್‌ಜಿಸಿ ಮತ್ತು ಇಂಡಿಯನ್ ಆಯಿಲ್ 2019ರಲ್ಲಿ ಒಪ್ಪಂದ ಮಾಡಿಕೊಂಡವು. ಅಲ್ಲಿನ ಗ್ಯಾಸ್ ಕಾರ್ಖಾನೆಯದ್ದು, ಇಲ್ಲದಿದ್ದರೆ ಗಾಳಿಗೆ ಸೇರುವಂಥದ್ದು, ಹಾಗಾಗಿ ಲೆಕ್ಕವೇ ಬೇರೆ. ಇಂಥ ಯೋಜನೆಯ ವರದಿ ಕೈಗೆ ಬಂದರೆ, ಒಟ್ಟು ಎಷ್ಟು ಟನ್ ಬಿಟ್ಟರು ಅನ್ನುವ ಅಂಕಿಗೆ ಮರುಳಾಗಬೇಡಿ. ಎಣ್ಣೆಯ ಜೊತೆ ಮೇಲೆ ಬಂದ ಗ್ಯಾಸನ್ನು ಬೇರ್ಪಡಿಸಿ ಮತ್ತೆ ಒಳಗೆ ಬಿಡುತ್ತಾರೆ. ಆ ಟನ್ನು ಒಟ್ಟು ಅಂಕಿಯಲ್ಲಿ ಎರಡು ಮೂರು ಸಲ ಕೂಡಿಕೊಂಡಿರುತ್ತದೆ. ಹೊರಗಿನಿಂದ ಹೊಸದಾಗಿ ತಂದದ್ದೆಷ್ಟು, ಅದರಲ್ಲಿ ಒಳಗೇ ಉಳಿದದ್ದೆಷ್ಟು ಅನ್ನುವ ಸಾಲು ಹುಡುಕಿ.