ಕೊಡದಲ್ಲಿ ಗಸಿ, ರಕ್ತದಲ್ಲಿ ಟ್ರಾನ್ಸ್‌ಫೆರಿನ್

ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ತೋಡಿದ ಕೆಲವು ಬಾವಿಗಳ ನೀರನ್ನು ರಾತ್ರಿ ಕೊಡದಲ್ಲಿ ತುಂಬಿಟ್ಟರೆ, ಸೇದುವಾಗ ತಿಳಿಯಾಗಿದ್ದ ನೀರಿನ ತಳದಲ್ಲಿ ಬೆಳಗಾಗುವಷ್ಟರಲ್ಲಿ ಕಂದುಗೆಂಪು ಗಸಿ ಕುಳಿತಿರುತ್ತದೆ. ಕರಗಿದ್ದ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ ಕೂಡಿ, ಕರಗದ ರೂಪ ತಾಳಿ ತಳ ಸೇರಿದ್ದರ ಗುರುತು ಅದು. ಭದ್ರಾವತಿಯ ಕುಲುಮೆಗಳಿಗೆ ಅದಿರು ಒದಗಿಸಿದ ಕೆಮ್ಮಣ್ಣುಗುಂಡಿಗೆ ಹೆಸರು ತಂದ ಕೆಂಪೂ ಇಂಥ ಕಬ್ಬಿಣದ್ದೇ.

ರಕ್ತವೂ ಬಹುಪಾಲು ನೀರು, ಅದರಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ, ಕಬ್ಬಿಣವಂತೂ ಹಗಲಿರುಳೂ ಹರಿಯುತ್ತಲೇ ಇರುತ್ತದೆ. ಆದರೂ ಅಲ್ಲಿ ಗಸಿ ಕೂರುವುದಿಲ್ಲ. ನಮ್ಮ 3ನೇ ವರ್ಣತಂತುವಿನ ಉದ್ದ ತೋಳಿನಲ್ಲಿರುವ ಟಿಎಫ್ ಎಂಬ ಜೀನು ಇದಕ್ಕೆ ಕಾರಣ. ಮುಖ್ಯವಾಗಿ ಯಕೃತ್ತಿನ ಕೋಶಗಳು ಈ ಜೀನಿನ ಬರಹದಂತೆ 698 ಅಮೈನೊ ಆಮ್ಲಗಳ ಸರಪಳಿಯನ್ನು ಹೆಣೆದು, ಮೊದಲ 19ನ್ನು ಕತ್ತರಿಸಿ, ಉಳಿದುದನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಾಗಿ ರಕ್ತಕ್ಕೆ ಬಿಡುತ್ತವೆ. ಅದಕ್ಕೆ ಎರಡು ಹಾಲೆಗಳು, ಒಂದೊಂದರಲ್ಲೂ ಒಂದು ಸೀಳು. ಸೀಳಿನೊಳಗೆ ಸರಪಳಿಯ ನಾಲ್ಕು ಅಮೈನೊ ಆಮ್ಲಗಳು, ಅಂದರೆ ಎರಡು ಟೈರೊಸಿನ್, ಒಂದು ಆಸ್ಪಾರ್ಟೇಟ್, ಒಂದು ಹಿಸ್ಟಿಡಿನ್ ಸೇರಿ, ಜೊತೆಗೊಂದು ಕಾರ್ಬೊನೇಟನ್ನೂ ಕರೆದುಕೊಂಡು, ಕಬ್ಬಿಣದ ಒಂದೇ ಒಂದು ಅಯಾನನ್ನು ಸುತ್ತುವರಿದು ಹಿಡಿಯುತ್ತವೆ. ಹಿಡಿದೊಡನೆ ಸೀಳು ಮುಚ್ಚಿಕೊಳ್ಳುತ್ತದೆ.

ಇಷ್ಟು ಬಿಗಿ ಹಿಡಿತ ಬೇಕಾದದ್ದು ಗಸಿಯ ಭಯಕ್ಕಷ್ಟೇ ಅಲ್ಲ. ಬಿಡಿ ಕಬ್ಬಿಣ ಕೋಶಗಳನ್ನು ಸುಡುವ ರಾಸಾಯನಿಕಗಳನ್ನು ಹುಟ್ಟಿಸುತ್ತದೆ, ಬ್ಯಾಕ್ಟೀರಿಯಾಗಳಿಗೆ ಆಹಾರವೂ ಆಗುತ್ತದೆ. 1946ರಲ್ಲಿ ಶೇಡ್ ಮತ್ತು ಕ್ಯಾರೊಲಿನ್ ಎಂಬ ವಿಜ್ಞಾನಿಗಳು ಈ ಪ್ರೋಟೀನನ್ನು ಮಾನವ ರಕ್ತದಲ್ಲಿ ಗುರುತಿಸಿದ ದಾರಿಯೂ ಸೂಕ್ಷ್ಮಜೀವಿಗಳದ್ದೇ: ಮೊಟ್ಟೆಯ ಬಿಳಿ ಲೋಳೆ ಕಬ್ಬಿಣವನ್ನು ಕಟ್ಟಿಹಾಕಿ ಅವುಗಳ ಬೆಳವಣಿಗೆ ತಡೆಯುವುದನ್ನು ಅವರು ಅದಕ್ಕೂ ಮುಂಚೆ ಕಂಡಿದ್ದರು.

ಬಿಗಿಯಾಗಿ ಹಿಡಿದದ್ದನ್ನು ಬಿಡುವುದು ಹೇಗೆ ಎಂಬುದೇ ನನಗೆ ಈ ಕತೆಯ ಅತ್ಯಂತ ಸೊಗಸಾದ ಭಾಗ. ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ರಕ್ತಕೋಶ ತನ್ನ ಮೈಮೇಲಿನ ಗ್ರಾಹಕ (ರಿಸೆಪ್ಟರ್) ಪ್ರೋಟೀನಿನಿಂದ ಟ್ರಾನ್ಸ್‌ಫೆರಿನನ್ನು ಹಿಡಿದು, ಪುಟ್ಟ ಚೀಲವೊಂದರಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಹುಳಿ ಏರಿದಂತೆ ಸೀಳು ತೆರೆದುಕೊಂಡು ಕಬ್ಬಿಣ ಕಳಚುತ್ತದೆ; ಬರಿದಾದ ಪ್ರೋಟೀನು ಹಾಳಾಗದೆ ಮತ್ತೆ ರಕ್ತಕ್ಕೆ ಮರಳಿ ಇನ್ನೊಂದು ಹೊರೆಗೆ ಸಿದ್ಧವಾಗುತ್ತದೆ. ಯಾವುದೇ ಗಳಿಗೆಯಲ್ಲಿ ಟ್ರಾನ್ಸ್‌ಫೆರಿನ್ ಮೇಲಿರುವ ಕಬ್ಬಿಣ ಸುಮಾರು 3 ಮಿಲಿಗ್ರಾಂ ಮಾತ್ರ, ಆದರೆ ದಿನವೊಂದಕ್ಕೆ ಅದರ ಮೂಲಕ ಸಾಗುವುದು 20 ಮಿಲಿಗ್ರಾಂಗೂ ಮೇಲೆ.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಟಿಎಫ್ ಪ್ರತಿ ಬಂದ ಅತಿ ವಿರಳ ಮಕ್ಕಳಲ್ಲಿ ಯಕೃತ್ತಿನಲ್ಲಿ ಕಬ್ಬಿಣ ರಾಶಿಬಿದ್ದಿರುತ್ತದೆ, ಆದರೂ ಅದನ್ನು ಮೂಳೆಮಜ್ಜೆಗೆ ಹೊತ್ತೊಯ್ಯುವ ಪ್ರೋಟೀನಿಲ್ಲದೆ ರಕ್ತಹೀನತೆ ತೀವ್ರವಾಗಿರುತ್ತದೆ.

ನಮ್ಮಂಥವರಿಗೆ ಈ ಪ್ರೋಟೀನಿನ ಪರಿಚಯವಾಗುವುದು ಶಿವಮೊಗ್ಗದ ಯಾವುದೋ ಲ್ಯಾಬಿನ ಚೀಟಿಯಲ್ಲಿ, ಟಿಐಬಿಸಿ ಎಂಬ ಸಾಲಾಗಿ. ರಕ್ತ ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಲೆಕ್ಕ ಅದು. ಸಂಖ್ಯೆ ಹೆಚ್ಚಿದ್ದರೆ ಒಳ್ಳೆಯದೆಂದು ಹಿಗ್ಗುವವರನ್ನು ಕಂಡಿದ್ದೇನೆ. ಕಬ್ಬಿಣ ಕಡಿಮೆಯಾದಾಗಲೇ ಯಕೃತ್ತು ಈ ಜೀನನ್ನು ಹೆಚ್ಚು ದುಡಿಸುವುದರಿಂದ, ಏರಿದ ಸಂಖ್ಯೆ ಹೆಚ್ಚಾಗಿ ಹೇಳುವುದು ಕೊರತೆಯನ್ನು. ಸೋಂಕು, ಉರಿಯೂತಗಳಲ್ಲಿ ಅದೇ ಸಂಖ್ಯೆ ಇಳಿದು ಕೊರತೆಯನ್ನು ಮುಚ್ಚಿಡುವುದೂ ಉಂಟು. ಆದ್ದರಿಂದಲೇ ವೈದ್ಯರು ಸಾಮಾನ್ಯವಾಗಿ ಪಕ್ಕದ ಫೆರಿಟಿನ್ ಸಾಲನ್ನೂ, ಅಂದರೆ ದೇಹದ ಕಬ್ಬಿಣದ ದಾಸ್ತಾನಿನ ಸೂಚಕವನ್ನೂ, ನೋಡುತ್ತಾರೆ.