ಗುರಿ ಮುಟ್ಟಿದ ದಿನ ಷೇರು ಬಿದ್ದದ್ದೇಕೆ?

2018ರ ಜುಲೈ 2. ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ಟೆಸ್ಲಾ ಕೊನೆಗೂ ಹೇಳಿದ್ದನ್ನು ಮಾಡಿ ತೋರಿಸಿತ್ತು. ಜೂನ್ ತಿಂಗಳ ಕೊನೆಯ ವಾರದಲ್ಲಿ 5,031 ಮಾಡೆಲ್ 3 ಕಾರುಗಳನ್ನು ತಯಾರಿಸಿದ್ದೇವೆ ಎಂದು ಅಂದು ಪ್ರಕಟಿಸಿತು. ವಾರಕ್ಕೆ 5,000 ಕಾರು ಎಂಬ ಈ ಗುರಿ ಮೊದಲು 2017ರ ಕೊನೆಗೆಂದು ನಿಗದಿಯಾಗಿತ್ತು. ಆಮೇಲೆ 2018ರ ಮಾರ್ಚ್‌ಗೆ ಜಾರಿತು, ಅಲ್ಲಿಂದ ಜೂನ್‌ಗೆ. ಇಷ್ಟು ಕಾದ ಮೇಲೆ ಗುರಿ ಮುಟ್ಟಿದರೆ ಷೇರು ಏರಬೇಕು, ಅಲ್ವಾ? ಬೆಳಿಗ್ಗೆ ಏರಿತು ಕೂಡ. ಆದರೆ ದಿನದ ಕೊನೆಗೆ 2 ಪ್ರತಿಶತಕ್ಕೂ ಹೆಚ್ಚು ಇಳಿದಿತ್ತು. ಮರುದಿನ ಇನ್ನೂ 7 ಪ್ರತಿಶತ ಹೋಯಿತು.

ವಾಹನ ಕಂಪನಿಗಳ ಲೆಕ್ಕಪತ್ರ ಓದಿ ಹೂಡಿಕೆದಾರರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಎಲೆಕ್ಟ್ರಿಕ್ ಕಾರು ಕಂಪನಿಗಳ ವಿಷಯಕ್ಕೆ ಬಂದರೆ ಎರಡು ಬಣದವರು ಸಿಗುತ್ತಾರೆ. 'ಹೊಸ ಕಾರ್ಖಾನೆ ಎಂದಮೇಲೆ ತಡ ಆಗೇ ಆಗುತ್ತೆ, ಸುಮ್ನೆ ಇಟ್ಕೊಳ್ಳಿ' ಎನ್ನುವವರು ಒಂದು ಬಣ. 'ಮಾತು ತಪ್ಪಿದ ಕಂಪನಿ ಮುಳುಗೋದೇ' ಎನ್ನುವವರು ಇನ್ನೊಂದು. ಇಬ್ಬರೂ ಜಗಳ ಆಡುವುದು ದಿನಾಂಕದ ಮೇಲೆ. ನಾನು ಕೇಳುವ ಪ್ರಶ್ನೆ ಬೇರೆ: ಈ ತಡದ ಖರ್ಚನ್ನು ಯಾರು ಹೊರುತ್ತಾರೆ?

ಮೊದಲು ಒಂದು ಸಣ್ಣ ಲೆಕ್ಕ. ಒಂದು ಕಂಪನಿಯ ಮುಂದಿನ ಲಾಭವೆಲ್ಲ ಆರು ತಿಂಗಳು ತಡವಾಗಿ ಬರುತ್ತದೆ ಎಂದುಕೊಳ್ಳಿ. ವರ್ಷಕ್ಕೆ 10 ಪ್ರತಿಶತ ಬಡ್ಡಿಯ ಲೆಕ್ಕ ಹಾಕಿದರೆ ಅದರ ಇಂದಿನ ಬೆಲೆ ಕಡಿಮೆಯಾಗುವುದು ಸುಮಾರು 5 ಪ್ರತಿಶತ ಮಾತ್ರ. ಆದರೆ ಆರು ತಿಂಗಳ ತಡದ ಸುದ್ದಿಗೆ ಷೇರು 20 ಪ್ರತಿಶತ ಬಿದ್ದದ್ದನ್ನೂ ನಾವು ನೋಡುತ್ತೇವೆ. ಉಳಿದ 15 ಎಲ್ಲಿಂದ ಬಂತು?

ಸ್ವಲ್ಪ ಗಾಬರಿಯಿಂದ ಬಂದಿರುತ್ತದೆ, ಅದು ಇದ್ದದ್ದೇ. ಜಾಸ್ತಿ ಪಾಲು ಇನ್ನೊಂದು ಲೆಕ್ಕದಿಂದ ಬರುತ್ತದೆ. ಕಾರ್ಖಾನೆ ನಿಂತಿದ್ದರೂ ಸಂಬಳ ನಿಲ್ಲುವುದಿಲ್ಲ. ಯಂತ್ರ ಒದಗಿಸಿದವರ ಬಿಲ್ಲು, ಸಾಲದ ಬಡ್ಡಿ ಯಾವುದೂ ನಿಲ್ಲುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹಣ ಸಾಲದು ಎನ್ನುತ್ತಾರಲ್ಲ, ಹಾಗೆ. ಕೈಯಲ್ಲಿರುವ ನಗದು ಕರಗಿದಾಗ ಕಂಪನಿ ಹೊಸ ಷೇರು ಮಾರಿ ಹಣ ಎತ್ತಬೇಕು. ಕಂಪನಿಯಲ್ಲಿ 100 ಷೇರು ಇವೆ, ಬೇಕಾದ ಹಣ 500 ಡಾಲರ್ ಎನ್ನೋಣ. ಷೇರಿನ ಬೆಲೆ 50 ಡಾಲರ್ ಇದ್ದರೆ 10 ಹೊಸ ಷೇರು ಮಾರಿದರೆ ಸಾಕು. ಬೆಲೆ 25ಕ್ಕೆ ಬಿದ್ದಿದ್ದರೆ 20 ಮಾರಬೇಕು. ಕಾರ್ಖಾನೆ ಮುಂದೊಂದು ದಿನ ಚೆನ್ನಾಗಿ ಓಡಬಹುದು, ಆದರೆ ಹಳೆಯ ಷೇರುದಾರರ ಪಾಲು ಒಮ್ಮೆ ಕರಗಿತು ಎಂದರೆ ಕರಗಿತು.

ಇಲ್ಲೇ ಸುಳಿ ಶುರುವಾಗುವುದು. ತಡ ಆದರೆ ಬೆಲೆ ಬೀಳುತ್ತದೆ. ಬೆಲೆ ಬಿದ್ದರೆ ಹಣ ಎತ್ತುವುದು ದುಬಾರಿಯಾಗುತ್ತದೆ. ದುಬಾರಿಯಾಗುತ್ತದೆ ಎಂದು ಗೊತ್ತಾದರೆ ಬೆಲೆ ಇನ್ನೂ ಬೀಳುತ್ತದೆ. ಸ್ವಂತ ಗಳಿಕೆಯಿಂದ ಕಾರ್ಖಾನೆ ಕಟ್ಟುವ ಕಂಪನಿಗೆ ಷೇರಿನ ಬೆಲೆ ಬರೀ ಅಂಕಪಟ್ಟಿ. ಹೊರಗಿನ ಹಣದ ಮೇಲೆ ನಿಂತ ಕಂಪನಿಗೆ ಉಕ್ಕು, ಬ್ಯಾಟರಿಯಂತೆ ಅದೂ ಒಂದು ಕಚ್ಚಾವಸ್ತು. ಇಂಥ ಷೇರುಗಳು ಎರಡೂ ಕಡೆಗೆ ಅಷ್ಟು ಜೋರಾಗಿ ತೂಗುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಶಾರ್ಟ್ ಸೆಲ್ಲರ್‌ಗಳು ಆ ತೂಗಾಟವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡಬಹುದು ಎಂದು ಅವರು ಷೇರನ್ನು ಎರವಲು ಪಡೆದು ಮಾರಿರುತ್ತಾರೆ. ಬೆಲೆ ಏರಿದರೆ ನಷ್ಟ ತಪ್ಪಿಸಿಕೊಳ್ಳಲು ಅವರೇ ಓಡಿಬಂದು ಕೊಳ್ಳಬೇಕಾಗುತ್ತದೆ. 2018ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಶಾರ್ಟ್ ಆಗಿದ್ದ ಷೇರುಗಳಲ್ಲಿ ಟೆಸ್ಲಾ ಒಂದು.

ಈಗ ಆ 5,031ಕ್ಕೆ ಬರೋಣ. ತಡ ಆದದ್ದೆಲ್ಲಿ? ಕಾರು ಜೋಡಿಸುವ ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ ಅಲ್ಲ, ಆರಂಭದಲ್ಲಿ ತಡ ಆದದ್ದು ನೆವಾಡಾದಲ್ಲಿ. ಅಲ್ಲಿನ ಗಿಗಾಫ್ಯಾಕ್ಟರಿ ಎಂಬ ಬ್ಯಾಟರಿ ಕಾರ್ಖಾನೆಯಲ್ಲಿ ಬ್ಯಾಟರಿ ಮಾಡ್ಯೂಲ್ ಜೋಡಿಸುವ ಲೈನ್ ಕೈಕೊಟ್ಟಿತ್ತು. ಜೋಡಣೆ ಲೈನಿನ ವೇಗ ಎಂದರೆ ಅದರ ಅತಿ ನಿಧಾನದ ಜಾಗದ ವೇಗ. ಉಳಿದ ನೂರು ಕಡೆ ಎಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ. 2017ರ ಮೂರನೇ ತ್ರೈಮಾಸಿಕದಲ್ಲಿ ತಯಾರಾದ ಮಾಡೆಲ್ 3 ಬರೀ 260. ರೋಬೋಗಳನ್ನು ಅತಿಯಾಗಿ ನೆಚ್ಚಿದ್ದು ತಪ್ಪಾಯಿತು ಎಂದು ಟೆಸ್ಲಾ ಮುಖ್ಯಸ್ಥ ಎಲಾನ್ ಮಸ್ಕ್ 2018ರ ಏಪ್ರಿಲ್‌ನಲ್ಲಿ ತಾವೇ ಒಪ್ಪಿಕೊಂಡರು. ಕೊನೆಗೆ ಫ್ರಿಮಾಂಟ್ ಕಟ್ಟಡದ ಹೊರಗೆ ಕೆಲವೇ ವಾರಗಳಲ್ಲಿ ದೊಡ್ಡ ಡೇರೆ ಎಬ್ಬಿಸಿ, ಅದರೊಳಗೆ ಇನ್ನೊಂದು ಜೋಡಣೆ ಲೈನ್ ಹಾಕಿದರು.

ಹಾಗೆ ಗುರಿ ಮುಟ್ಟಿದರು. ಆದರೆ ಒಂದು ವಾರ ಉಸಿರು ಬಿಗಿಹಿಡಿದು ಓಡುವುದು ಬೇರೆ, ವಾರವಾರವೂ ಓಡುವುದು ಬೇರೆ. ಮಾರುಕಟ್ಟೆಯ ಅನುಮಾನ ಸುಳ್ಳಾಗಲಿಲ್ಲ. ಮುಂದಿನ ತ್ರೈಮಾಸಿಕದಲ್ಲಿ ತಯಾರಾದ ಮಾಡೆಲ್ 3 ಒಟ್ಟು 53,239. ವಾರಕ್ಕೆ ಸರಾಸರಿ 4,100ರಷ್ಟು. ಅಂದರೆ 5,000ದ ಮಾತು ನಿಲ್ಲಲಿಲ್ಲ. ಹಾಗಾದರೆ ಷೇರು ಮತ್ತೆ ಬೀಳಬೇಕಿತ್ತು. ಅಕ್ಟೋಬರ್‌ನಲ್ಲಿ ಆ ತ್ರೈಮಾಸಿಕದ ಫಲಿತಾಂಶ ಬಂದ ಮರುದಿನ ಅದು ಜಿಗಿಯಿತು. ಯಾಕೆಂದರೆ ಕಂಪನಿ 31 ಕೋಟಿ ಡಾಲರ್ ಲಾಭ ತೋರಿಸಿತ್ತು. ಜೂನ್ ಕೊನೆಗೆ 220 ಕೋಟಿ ಡಾಲರ್ ಇದ್ದ ನಗದು ಸೆಪ್ಟೆಂಬರ್ ಕೊನೆಗೆ 300 ಕೋಟಿಯ ಹತ್ತಿರ ಬಂದಿತ್ತು. ತಡದ ಖರ್ಚನ್ನು ಕಾರು ಕೊಳ್ಳುವವರೇ ಹೊರಲು ಶುರುಮಾಡಿದ್ದರು.

ನಗದು ಅಷ್ಟು ಬೇಗ ತುಂಬಿದ್ದಕ್ಕೆ ಲಾಭದ ಜೊತೆಗೆ ಇನ್ನೊಂದು ಕಾರಣವೂ ಇದೆ. ಹೂಡಿಕೆದಾರರು ಇದನ್ನು ಕಡೆಗಣಿಸುವುದೇ ಜಾಸ್ತಿ. ಕಾರು ತಲುಪಿಸಿದ ಕೆಲವೇ ದಿನಗಳಲ್ಲಿ ಗ್ರಾಹಕರ ಹಣ ಕಂಪನಿಗೆ ಬರುತ್ತದೆ. ಬಿಡಿಭಾಗ ಕೊಟ್ಟವರಿಗೆ ಅದು ಹಣ ಕೊಡುವುದು ವಾರಗಳ ನಂತರ. ಹಾಗಾಗಿ ಉತ್ಪಾದನೆ ಏರುತ್ತಿರುವಷ್ಟು ಕಾಲ ಬಿಡಿಭಾಗದವರ ಹಣದಲ್ಲೇ ಕಂಪನಿ ಬೆಳೆಯುತ್ತದೆ. ಉತ್ಪಾದನೆ ನಿಂತರೆ ಇದೇ ಲೆಕ್ಕ ತಿರುಗಿಬೀಳುತ್ತದೆ. ಹಳೆಯ ಬಿಲ್ಲುಗಳು ಒಂದೊಂದಾಗಿ ಬರುತ್ತವೆ, ಹೊಸ ಕಾರು ಹೊರಡುವುದಿಲ್ಲ. ಎರಡು ತಿಂಗಳ ತಡ ನಾಲ್ಕು ತಿಂಗಳ ನಗದನ್ನು ತಿಂದುಹಾಕಬಲ್ಲದು.

ಇನ್ನು ಲೆಕ್ಕಪತ್ರದ ಒಂದು ವಿಚಿತ್ರ. ಕಟ್ಟುತ್ತಿರುವ ಕಾರ್ಖಾನೆಗೆ ಸುರಿದ ಹಣದ ಬಹುಪಾಲು ಲಾಭನಷ್ಟದ ಪಟ್ಟಿಗೆ ಬರುವುದೇ ಇಲ್ಲ. ಅದು ಬ್ಯಾಲೆನ್ಸ್ ಶೀಟ್‌ನಲ್ಲಿ (ಆಸ್ತಿ, ಸಾಲಗಳ ಪಟ್ಟಿಯಲ್ಲಿ) 'ಕನ್‌ಸ್ಟ್ರಕ್ಷನ್ ಇನ್ ಪ್ರೋಗ್ರೆಸ್' ಎಂಬ ಹೆಸರಿನಲ್ಲಿ ಕೂತಿರುತ್ತದೆ. ಸವಕಳಿ, ಅಂದರೆ ಆ ಹಣವನ್ನು ವರ್ಷವರ್ಷ ಹಂಚಿ ಖರ್ಚಾಗಿ ತೋರಿಸುವ ಲೆಕ್ಕ, ಶುರುವಾಗುವುದು ಕಾರ್ಖಾನೆ ಬಳಕೆಗೆ ಸಿದ್ಧವಾದ ಮೇಲೆ. ಅಂದರೆ ತಡ ಆಗುತ್ತಿರುವಾಗ ಲಾಭದ ಅಂಕಿ ಚೆನ್ನಾಗಿಯೇ ಕಾಣಬಹುದು. ರಿಬ್ಬನ್ ಕತ್ತರಿಸಿದ ಮೇಲೆ ಕೆಡುತ್ತದೆ. ಇಡೀ ಕಾರ್ಖಾನೆಯ ಸವಕಳಿ, ಪೂರ್ತಿ ಸಂಬಳ ಎಲ್ಲವೂ ಆಗ ತಯಾರಾಗುವ ಕೆಲವೇ ಕಾರುಗಳ ಮೇಲೆ ಬೀಳುತ್ತವೆ.

ಬರ್ಲಿನ್ ಬಳಿಯ ಟೆಸ್ಲಾದ ಗ್ರೂನ್‌ಹೈಡ್ ಕಾರ್ಖಾನೆ ಇದಕ್ಕೆ ಒಳ್ಳೆಯ ಉದಾಹರಣೆ. 2019ರ ನವೆಂಬರ್‌ನಲ್ಲಿ ಘೋಷಣೆ. 2021ರ ಜುಲೈನಲ್ಲಿ ಶುರುವಾಗಬೇಕಿತ್ತು. ಮರ ಕಡಿಯುವುದಕ್ಕೆ ಕೋರ್ಟ್ ತಡೆ, ನೀರಿನ ತಕರಾರು, ಪರವಾನಗಿಯ ಕಾಯುವಿಕೆ. ಬಾಗಿಲು ತೆರೆದದ್ದು 2022ರ ಮಾರ್ಚ್ 22ಕ್ಕೆ. ಆದರೆ ಆ ತಡದ ಕಾಲದಲ್ಲೇ, 2021ರ ಅಕ್ಟೋಬರ್‌ನಲ್ಲಿ, ಟೆಸ್ಲಾದ ಮಾರುಕಟ್ಟೆ ಮೌಲ್ಯ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ತಡ ಯಾರನ್ನೂ ಅಷ್ಟಾಗಿ ಕಾಡಲಿಲ್ಲ. ಶಾಂಘೈ ಕಾರ್ಖಾನೆ ಹಣ ತರುತ್ತಿತ್ತು. ಜೊತೆಗೆ 2020ರಲ್ಲಿ ಷೇರು ಏರಿದ್ದಾಗ ಕಂಪನಿ ಮೂರು ಸಲ ಹೊಸ ಷೇರು ಮಾರಿ 1,200 ಕೋಟಿ ಡಾಲರ್‌ನಷ್ಟು ಎತ್ತಿಟ್ಟುಕೊಂಡಿತ್ತು. ಹಳೆಯ ಷೇರುದಾರರ ಪಾಲು ಹೆಚ್ಚೇನೂ ಕರಗಲಿಲ್ಲ. ಬರ್ಲಿನ್ ಮತ್ತು ಟೆಕ್ಸಾಸ್ ಕಾರ್ಖಾನೆಗಳು ತೆರೆದ ಮೇಲೆ ಮಸ್ಕ್ ಅವೆರಡನ್ನೂ ಹಣ ಸುಡುವ ದೊಡ್ಡ ಕುಲುಮೆಗಳು ಎಂದು ಕರೆದರು. 2022ರಲ್ಲಿ ಷೇರು 65 ಪ್ರತಿಶತ ಕುಸಿಯಿತು. ಅದಕ್ಕೆ ಬಡ್ಡಿದರ ಏರಿದ್ದು, ಶಾಂಘೈ ಲಾಕ್‌ಡೌನ್, ಟ್ವಿಟರ್ ಕೊಳ್ಳಲು ಮಸ್ಕ್ ತಮ್ಮ ಷೇರು ಮಾರಿದ್ದು ಎಲ್ಲ ಸೇರಿದ್ದವು. ಕಾರ್ಖಾನೆಗಳ ತಲೆಗೇ ಕಟ್ಟುವುದು ನ್ಯಾಯವಲ್ಲ.

ಅಮೆರಿಕದ ಇನ್ನೊಂದು ಎಲೆಕ್ಟ್ರಿಕ್ ಗಾಡಿ ಕಂಪನಿ ರಿವಿಯನ್‌ನದು ಇದಕ್ಕಿಂತ ಸ್ಪಷ್ಟ. 2021ರ ನವೆಂಬರ್‌ನಲ್ಲಿ 78 ಡಾಲರ್‌ಗೆ ಷೇರು ಬಿಟ್ಟು ಸುಮಾರು 1,200 ಕೋಟಿ ಡಾಲರ್ ಎತ್ತಿತು. ಒಂದೇ ವಾರದಲ್ಲಿ ಬೆಲೆ 170 ದಾಟಿತು. 2022ರ ಮಾರ್ಚ್‌ನಲ್ಲಿ ಆ ವರ್ಷದ ಉತ್ಪಾದನೆಯ ಅಂದಾಜನ್ನು ಅರ್ಧಕ್ಕಿಳಿಸಿ 25,000 ಎಂದಿತು. ಆ ವರ್ಷ ತಯಾರಿಸಿದ್ದು 24,337. ಮರುವರ್ಷ 57,232. ಆದರೆ 2023ರ ಕೊನೆಯ ತ್ರೈಮಾಸಿಕದಲ್ಲೂ ಮಾರಿದ ಪ್ರತಿ ಗಾಡಿಯ ಮೇಲೆ 43,000 ಡಾಲರ್‌ನಷ್ಟು ನಷ್ಟ. ಹೀಗಿರುವಾಗ ಜಾಸ್ತಿ ಗಾಡಿ ತಯಾರಿಸಿದ ಮಾತ್ರಕ್ಕೆ ಸಂತೋಷಪಡುವುದು ಹೇಗೆ? 2024ರ ಮಾರ್ಚ್ 7ರಂದು ಕಂಪನಿ ಜಾರ್ಜಿಯಾದ 500 ಕೋಟಿ ಡಾಲರ್ ಕಾರ್ಖಾನೆಯನ್ನು ಸದ್ಯಕ್ಕೆ ಕಟ್ಟುವುದಿಲ್ಲ ಎಂದಿತು. ಹೊಸ ಆರ್2 ಗಾಡಿ ಮೊದಲು ಇಲಿನಾಯ್‌ನ ಹಳೆಯ ಕಾರ್ಖಾನೆಯಲ್ಲೇ ತಯಾರಾಗುತ್ತದೆ, 225 ಕೋಟಿ ಡಾಲರ್ ಉಳಿಯುತ್ತದೆ ಎಂದಿತು. ಹೊಸ ಗಾಡಿ ತೋರಿಸಿದ್ದೂ ಅಂದೇ, ನಿಜ. ಆದರೂ ಇದಕ್ಕಿಂತ ದೊಡ್ಡ ಕಾರ್ಖಾನೆ ತಡ ಇನ್ನೇನು ಬೇಕು? ಷೇರು ಅಂದು 13 ಪ್ರತಿಶತ ಏರಿತು.

ಕಾರ್ಖಾನೆಯೇ ಬೇಡ ಎಂದವರೂ ಉಳಿಯಲಿಲ್ಲ. ಫಿಸ್ಕರ್ ಎಂಬ ಅಮೆರಿಕದ ಎಲೆಕ್ಟ್ರಿಕ್ ಕಾರು ಕಂಪನಿ ತನ್ನ ಕಾರುಗಳನ್ನು ಆಸ್ಟ್ರಿಯಾದಲ್ಲಿ ಮ್ಯಾಗ್ನಾ ಕಂಪನಿಯಿಂದ ಮಾಡಿಸಿತು. 2023ರಲ್ಲಿ 10,000ಕ್ಕೂ ಹೆಚ್ಚು ಕಾರು ತಯಾರಾದವು. ಗ್ರಾಹಕರ ಕೈಸೇರಿದ್ದು ಅರ್ಧಕ್ಕೂ ಕಡಿಮೆ. ತಯಾರಾಗಿ ನಿಂತ ಕಾರು ಎಂದರೆ ಹಣ ಕೊಟ್ಟಾಗಿದೆ, ಹಣ ಬಂದಿಲ್ಲ ಎಂದರ್ಥ. 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗಾಗಿ ತಡದ ಸುದ್ದಿ ಬಂದ ದಿನ ನಾನು ಆ ಸುದ್ದಿಯನ್ನು ಒಂದೇ ಸಲ ಓದುತ್ತೇನೆ. ಆಮೇಲೆ ಕಂಪನಿಯ ತ್ರೈಮಾಸಿಕ ವರದಿ ತೆರೆಯುತ್ತೇನೆ. ನಗದಿನ ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ ಬಂದದ್ದು ಎಷ್ಟು, ಯಂತ್ರ ಮತ್ತು ಕಟ್ಟಡಕ್ಕೆ ಹೋದದ್ದು ಎಷ್ಟು ಎಂದು ನೋಡುತ್ತೇನೆ. ಎರಡರ ನಡುವಿನ ಕೊರತೆಗೆ ಕೈಯಲ್ಲಿರುವ ನಗದು ಎಷ್ಟು ತ್ರೈಮಾಸಿಕ ಬರುತ್ತದೆ ಎಂದು ಭಾಗಿಸುತ್ತೇನೆ. ನಂತರ ತೀರಿಸಬೇಕಾದ ಬಾಂಡ್‌ಗಳ (ಸಾಲಪತ್ರಗಳ) ದಿನಾಂಕ ನೋಡುತ್ತೇನೆ. 2019ರ ಮಾರ್ಚ್‌ನಲ್ಲಿ ಟೆಸ್ಲಾ ತೀರಿಸಬೇಕಿದ್ದ 92 ಕೋಟಿ ಡಾಲರ್ ಬಾಂಡನ್ನು ಷೇರಾಗಿ ಬದಲಿಸುವ ಬೆಲೆ 360 ಡಾಲರ್ ಹತ್ತಿರ ಇತ್ತು. ಷೇರು ಅದಕ್ಕಿಂತ ಕೆಳಗಿತ್ತು, ಹಾಗಾಗಿ ಬಾಂಡ್ ಹಿಡಿದವರಿಗೆ ಷೇರು ಪಡೆಯುವುದರಲ್ಲಿ ಲಾಭವಿರಲಿಲ್ಲ. ಅಷ್ಟೂ ಹಣವನ್ನು ನಗದಾಗಿಯೇ ಕೊಡಬೇಕಾಯಿತು. ಎರಡು ತಿಂಗಳಲ್ಲಿ ಕಂಪನಿ ಹೊಸ ಷೇರು ಮತ್ತು ಹೊಸ ಬಾಂಡ್ ಹಿಡಿದು ಮತ್ತೆ ಮಾರುಕಟ್ಟೆಗೆ ಬಂತು. ಜೂನ್ ಆರಂಭಕ್ಕೆ ಷೇರು 180 ಡಾಲರ್ ಆಸುಪಾಸಿನಲ್ಲಿತ್ತು. ಅದೇ ಹೊತ್ತಿಗೆ ಶಾಂಘೈನಲ್ಲಿ ಕಾರ್ಖಾನೆ ಹೇಳಿದ್ದಕ್ಕಿಂತ ಬೇಗ ಮೇಲೇಳುತ್ತಿತ್ತು.